ಅಂಗಾತ

ಐದು ತಿಂಗಳು ನನ್ನ ಗಂಡ ಕುಳಿತೇ ನಿದ್ದೆ ಮಾಡಿದ. ಎದೆಯೊಳಗೆ ಶ್ವಾಸನಾಳವನ್ನು ಒತ್ತಿಕೊಂಡು ಗಡ್ಡೆ ಬೆಳೆದಿತ್ತು. ಬೆನ್ನು ಹಾಸಿಗೆಗೆ ತಾಗಿದರೆ ಉಸಿರು ಕಟ್ಟುತ್ತಿತ್ತು. ಮೇಜಿನ ಮೇಲೆ ಎರಡು ದಿಂಬು, ಅವುಗಳ ಮೇಲೆ ತಲೆ. ಅವನು ಗಣಿತದ ಮೇಷ್ಟ್ರು. ಕ್ಲಾಸಿನಲ್ಲಿ ಹೀಗೆ ತೂಕಡಿಸಿದವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ್ದೆ, ಅವರ ಶಾಪ ತಟ್ಟಿತು ಎನ್ನುತ್ತಿದ್ದ.

ಆಪರೇಷನ್ನಿಗೆ ಮಲಗಲೇಬೇಕು. ಅರಿವಳಿಕೆ ಕೊಟ್ಟು ಮಲಗಿಸಿದರೆ ಗಡ್ಡೆ ಶ್ವಾಸನಾಳವನ್ನು ಮುಚ್ಚಿಬಿಡಬಹುದು ಎಂದರು ಸರ್ಜನ್. ಹಾಗಾಗಿ ಅವನು ಎಚ್ಚರವಾಗಿ ಒರಗಿ ಕುಳಿತಿರುವಾಗಲೇ ತೊಡೆಸಂದಿಯ ರಕ್ತನಾಳಗಳಿಗೆ ಎರಡು ಕೊಳವೆ ಹಾಕುತ್ತಾರೆ. ರಕ್ತ ಹೊರಗಿನ ಯಂತ್ರಕ್ಕೆ ಹೋಗಿ, ಆಮ್ಲಜನಕ ತುಂಬಿಕೊಂಡು ಮರಳುತ್ತದೆ. ಯಂತ್ರ ಉಸಿರಿನ ಕೆಲಸ ವಹಿಸಿಕೊಂಡ ಮೇಲಷ್ಟೇ ಮಲಗಿಸುವುದು.

ಆ ಬೆಳಿಗ್ಗೆ ವಾರ್ಡಿನವನೊಬ್ಬ ಅಭ್ಯಾಸಬಲದಿಂದ ಟ್ರಾಲಿಯ ಒರಗು ಇಳಿಸಿಬಿಟ್ಟ. ನಾನೂ ಅತ್ತೆಯೂ ಗಾಬರಿಯಿಂದ ಗಂಡನನ್ನು ಎಬ್ಬಿಸಿ ಕೂರಿಸಿದೆವು. ಒರಗು ಸಿಕ್ಕಿಕೊಂಡು ಮೇಲೇಳಲಿಲ್ಲ. ಅತ್ತೆ ಚಪ್ಪಲಿ ಬಿಟ್ಟು ಟ್ರಾಲಿ ಹತ್ತಿ, ಮಗನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತರು.

"ನೂಕಪ್ಪ. ಇವನನ್ನ ಹೊತ್ತು ಅಭ್ಯಾಸ ಇದೆ ನಂಗೆ."

ಥಿಯೇಟರಿನ ಬಾಗಿಲವರೆಗೂ ಹಾಗೆಯೇ ಹೋದರು. ನಾನು ಚಪ್ಪಲಿ ಹಿಡಿದುಕೊಂಡು ಹಿಂದೆ ನಡೆದೆ.

ಸಂಜೆ ಸರ್ಜನ್ ಹೊರಬಂದು ಗಡ್ಡೆ ತೆಗೆದೆವು, ಯಂತ್ರವನ್ನೂ ಬಿಡಿಸಿದೆವು, ತಾನೇ ಉಸಿರಾಡುತ್ತಿದ್ದಾನೆ ಎಂದರು. ಮನೆಗೆ ಬಂದ ದಿನ ಮಧ್ಯಾಹ್ನ ಅವನು ಕೈಕಾಲು ಚಾಚಿ ಅಂಗಾತ ಮಲಗಿ ಗೊರಕೆ ಹೊಡೆದ. ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

ಹದಿನಾಲ್ಕು ತಿಂಗಳು ಹಾಗೆ ಮಲಗಿದ. ಕಾಯಿಲೆ ಆಮೇಲೆ ಬೇರೆ ಕಡೆ ಕಾಣಿಸಿಕೊಂಡಿತು. ಕೊನೆಗೆ ಹೋಗುವಾಗಲೂ ಉಸಿರಿಗೆ ಒದ್ದಾಡಲಿಲ್ಲ.

ನನಗೆ ಇನ್ನೂ ಅಳು ಬಂದಿಲ್ಲ. ಆಸ್ಪತ್ರೆಯವರಿಗೆ ಒಂದು ಮಾತು ಹೇಳಿ ಬಾ ಎಂದು ಅತ್ತೆ ಕಳಿಸಿದರು. ಸರ್ಜನ್ ಆಪರೇಷನ್ನಿನಲ್ಲಿದ್ದರು. ಅಂದು ಯಂತ್ರ ನಡೆಸಿದ್ದವರು ಸಿಕ್ಕರು. ಅವನು ಹೋದ ಸುದ್ದಿ ಹೇಳಿದೆ. ಅವರು ಕುರ್ಚಿ ಎಳೆದುಕೊಟ್ಟರು. ಸಾಮಾನ್ಯವಾಗಿ ಮುಖಗಳು ನೆನಪಿರುವುದಿಲ್ಲವಂತೆ, ಅವರ ಕಣ್ಣು ಕೊಳವೆಯ ಮೇಲೆಯೇ ಇರುತ್ತದಂತೆ. ಮೇಷ್ಟ್ರು ಮಾತ್ರ ನೆನಪಿದ್ದಾರೆ ಎಂದರು.

"ಕಪ್ಪಗೆ ಹೋದ ರಕ್ತ ಕೆಂಪಗೆ ವಾಪಸ್ ಬರ್ತಿತ್ತು. ಇನ್ನು ಮಲಗಿ ಸರ್ ಅಂದೆ. ಒಪ್ಪಲಿಲ್ಲ. ಇನ್ನೊಂದ್ಸಲ ತಾಳೆ ನೋಡಿ ಅಂದ್ರು. ನೋಡಿದೆ. ಆಮೇಲೆ ಮೆಲ್ಲಗೆ ಅಂಗಾತ ಮಲಗಿದ್ರು."

"ಏನಾದ್ರೂ ಅಂದ್ರಾ?"

"ಅಬ್ಬ, ಛಾವಣಿ ನೋಡಿ ಎಷ್ಟು ದಿನ ಆಗಿತ್ತು ಅಂದ್ರು. ಅಷ್ಟರಲ್ಲಿ ಅರಿವಳಿಕೆಯ ನಿದ್ದೆ ಬಂತು."

ಆ ಹೊತ್ತಿನಲ್ಲಿ ಅವನು ಹೆದರಿದ್ದನೇ ಎಂದು ಕೇಳಲು ನನಗೆ ಬಾಯಿ ಬಂದಿರಲಿಲ್ಲ. ಇನ್ನು ಕೇಳಬೇಕಾಗಿರಲಿಲ್ಲ. ಕೈಮುಗಿದು ಎದ್ದೆ.

"ಮನೇಲಿ ಚೆನ್ನಾಗಿ ಮಲಗ್ತಿದ್ರಾ ಅಮ್ಮ?"

"ಮಂಚ ಪೂರ್ತಿ ಅವರದೇ," ಎಂದೆ. "ನಂಗೆ ಅಂಚು."