ಮೊದಲು ಬಾಚಬೇಕು, ಆಮೇಲೆ ನೀರು

ಭಾನುವಾರ ಬರುತ್ತೇನೆ ಅಂತ ನಾದಿನಿಯ ಫೋನ್ ಬಂದ ದಿನವೇ ಗಂಡ ಒಂದು ಉಪಾಯ ಹೇಳಿದ. ಬಸ್ ಓಡಿಸಿ ನಿವೃತ್ತನಾದವನು. ಎದುರಿಗೆ ಬರುವ ಗಾಡಿ ಎತ್ತ ತಿರುಗುತ್ತದೆ ಅನ್ನುವುದು ಅದು ತಿರುಗುವ ಮುಂಚೆಯೇ ಅವನಿಗೆ ಗೊತ್ತಾಗುತ್ತಿತ್ತು. ತಂಗಿ ಬರುವುದು ಅಣ್ಣನ ಮುಖ ನೋಡುವುದಕ್ಕಲ್ಲ, ಇಲ್ಲಿ ಬಿಟ್ಟುಹೋದ ನಾಯಿ ಹತ್ತಿಯನ್ನು ವಾಪಸ್ಸು ಕೇಳುವುದಕ್ಕೆ. ಅದಕ್ಕೇ ಅಲ್ಲಿಯವರೆಗೆ ಹತ್ತಿಗೆ ಬಾಚಣಿಗೆ ಮುಟ್ಟಿಸಬೇಡ ಅಂದ. ಸಿಕ್ಕುಗಟ್ಟಲಿ, ಕೊಳೆ ಹಿಡಿಯಲಿ, ನೋಡಿದವರು ಮೂಗು ಮುಚ್ಚಿಕೊಳ್ಳುವ ಹಾಗಿರಲಿ. ಆಗ ಅವಳೇ ಬೇಡ ಅನ್ನುತ್ತಾಳೆ.

ಹೆಂಡತಿ ಆಯಿತು ಅಂದಳು. ಅವಳಿಗೂ ಹತ್ತಿಯನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ.

ಅವಳು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿ ಪಕ್ಕ ಕಾಲಲ್ಲಿ ತುಳಿಯುವ ಮೆಷಿನ್ನು, ಅದರ ಎದುರಿಗೆ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚಿಂದಿ ತುಂಬಿದ ಚೀಲ, ಚೀಲದ ಮೇಲೆ ಹತ್ತಿ. ಬೆಳ್ಳಗೆ ಉಬ್ಬಿದ ಕೂದಲ ರಾಶಿಯೊಳಗೆ ಎರಡು ಕಪ್ಪು ಕಣ್ಣು, ಒಂದು ಕಪ್ಪು ಮೂಗು. ನಾದಿನಿಯ ಮಗಳು ಅದಕ್ಕೆ ಏನೋ ಉದ್ದದ ಇಂಗ್ಲಿಷ್ ಹೆಸರಿಟ್ಟಿದ್ದಳು. ಅದು ಈ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ, ನಾಯಿಗೂ ಹತ್ತಿದ ಹಾಗೆ ಕಾಣಲಿಲ್ಲ. ನಾದಿನಿ ಆಸ್ಪತ್ರೆಯಲ್ಲಿ ನರ್ಸ್. ಆಗ ಸಿಕ್ಕ ಬಾಡಿಗೆ ಮನೆಯವರು ನಾಯಿ ಇಟ್ಟುಕೊಳ್ಳಬಾರದು ಅಂದರು ಅಂತ ‘ಸ್ವಲ್ಪ ದಿನ ಇರಲಿ’ ಎಂದು ಬಿಟ್ಟುಹೋಗಿದ್ದಳು. ಆ ಸ್ವಲ್ಪ ದಿನದಲ್ಲಿ ಅಣ್ಣನ ಮೀಸೆ ಪೂರ್ತಿ ನೆರೆತುಹೋಯಿತು.

ಬಂದ ಹೊಸದರಲ್ಲಿ ಹತ್ತಿಯ ಕಿವಿಯ ಹಿಂದೆ, ಕಂಕುಳಲ್ಲಿ ಕೂದಲು ಗಂಟುಗಂಟಾಗಿತ್ತು. ಬಾಚಣಿಗೆ ಕಂಡರೆ ಹಲ್ಲು ತೋರಿಸುತ್ತಿತ್ತು. ಒಂದು ದಿನ ಅದು ಮೇಜಿನ ಮೇಲೆ ಅವಳ ಕೈಯಲ್ಲಿ ಒದ್ದಾಡುತ್ತಿರುವಾಗ, ಗಂಡ ಮೆಷಿನ್ನಿಗೆ ಎಣ್ಣೆ ಬಿಟ್ಟು, ಹೊಲಿಯುವ ಬಟ್ಟೆ ಇಡದೆ ಸುಮ್ಮನೆ ತುಳಿದು ನೋಡುತ್ತಿದ್ದ. ಆ ಟಕಟಕ ಸದ್ದಿಗೆ ನಾಯಿ ಕಾಲು ಚಾಚಿ ಮಲಗಿಬಿಟ್ಟಿತು. ಆಮೇಲೆ ಅದೇ ಪದ್ಧತಿಯಾಯಿತು. ಅವನು ಖಾಲಿ ಮೆಷಿನ್ನು ತುಳಿಯುವುದು, ಅವಳು ಬಾಚುವುದು. ಡ್ರೈವರ್ ಇನ್ನೂ ಡ್ಯೂಟಿ ಬಿಟ್ಟಿಲ್ಲ, ಪ್ಯಾಸೆಂಜರ್ ಮಾತ್ರ ಒಬ್ಬನೇ ಉಳಿದಿದ್ದಾನೆ ಅಂತ ಓಣಿಯವರು ಆಡಿಕೊಳ್ಳುತ್ತಿದ್ದರು.

ಈಗ ವಾರವಿಡೀ ಅವಳು ಬಾಚಣಿಗೆ ಮುಟ್ಟಲಿಲ್ಲ. ಆದರೆ ಶನಿವಾರ ಕಿವಿಯ ಹಿಂದೆ ಕೈಯಾಡಿಸಿದಾಗ ಕಡಲೆಕಾಳಿನಷ್ಟು ಗಂಟು ಬೆರಳಿಗೆ ಸಿಕ್ಕಿತು. ಅಲ್ಲಿಗೆ ಅವಳ ಮನಸ್ಸು ಕೆಟ್ಟಿತು. ನಾದಿನಿ ಬೇಡ ಅಂತ ಬಿಟ್ಟುಹೋಗುತ್ತಾಳೆ, ಸರಿ. ಹೋಗಿ ನಾಲ್ಕು ಜನರ ಹತ್ತಿರ ಏನನ್ನುತ್ತಾಳೆ? ಅತ್ತಿಗೆ ನನ್ನ ನಾಯಿಯನ್ನ ಚಿಂದಿ ಮಾಡಿಟ್ಟಿದ್ದಾಳೆ ಅನ್ನುತ್ತಾಳೆ. ಹೊಲಿದುಕೊಟ್ಟ ಬಟ್ಟೆಯ ಮೇಲೆ ಇವತ್ತಿನವರೆಗೆ ಒಂದು ಮಾತು ಬರದ ಹಾಗೆ ಬದುಕಿದವಳು ಅವಳು. ನಾಯಿಯ ಮೇಲೆ ಮಾತು ಬರುವುದನ್ನು ತಡೆದುಕೊಳ್ಳುವುದು ಅವಳಿಂದ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಿಯನ್ನು ಮೇಜಿನ ಮೇಲೆ ನಿಲ್ಲಿಸಿ ಗಂಡನನ್ನು ಕರೆದಳು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

“ಕೊಟ್ಟು ಕಳಿಸೋದಕ್ಕೆ ನಾನು ತುಳಿಯಲ್ಲ ಕಣೇ,” ಅಂದ.

ಮೆಷಿನ್ನು ಸುಮ್ಮನಿತ್ತು. ಹತ್ತಿ ಅದರ ಕಡೆ ಒಮ್ಮೆ ನೋಡಿತು, ಅವಳ ಕಡೆ ಒಮ್ಮೆ ನೋಡಿತು, ಆಮೇಲೆ ಅವಳ ಮಣಿಕಟ್ಟಿನ ಮೇಲೆ ಗದ್ದ ಇಟ್ಟು ನಿಂತಿತು. ಸದ್ದಿಲ್ಲದೆ ಅದು ಮೈ ಕೊಟ್ಟದ್ದು ಅದೇ ಮೊದಲು.

ಅವಳು ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಚರ್ಮ ಜಗ್ಗದ ಹಾಗೆ, ತುದಿಯಿಂದ ಎಳೆಎಳೆಯಾಗಿ ಬಿಡಿಸಿದಳು. ಆಮೇಲೆ ಕೂದಲನ್ನು ಪದರಪದರವಾಗಿ ಎತ್ತಿ ಬುಡದ ಚರ್ಮ ಕಾಣುವ ತನಕ ಬಾಚಿದಳು. ಮೇಲೆಮೇಲೆ ಬಾಚಿದರೆ ನೋಡುವುದಕ್ಕೇನೋ ಹೂವಿನ ಹಾಗಿರುತ್ತದೆ, ಒಳಗೆ ಕಂಬಳಿ ಕಟ್ಟುತ್ತದೆ. ಬಾಚಣಿಗೆ ಎಲ್ಲೂ ತಡೆಯದೆ ಬಾಲದವರೆಗೆ ಹರಿದ ಮೇಲೆ ಉಗುರುಬೆಚ್ಚಗಿನ ನೀರಲ್ಲಿ ಮೀಸಿದಳು, ಟವೆಲಿನಿಂದ ಉಜ್ಜದೆ ಒತ್ತಿಒತ್ತಿ ಒರೆಸಿದಳು, ಫ್ಯಾನಿನ ಕೆಳಗೆ ಕೂರಿಸಿ ಮತ್ತೆ ಬಾಚುತ್ತಾ ಒಣಗಿಸಿದಳು. ಕಾಜಾ ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಅಂಗಾಲಿನ ಕೂದಲನ್ನೂ ಸಮ ಮಾಡಿದಳು.

ಗಂಡ ಬಾಗಿಲಲ್ಲಿ ನಿಂತು ನೋಡಿದ. “ಮದುವೆಗೆ ಸಿದ್ಧ ಮಾಡಿದ ಹಾಗಿದೆ. ಒಪ್ಪಿಸ್ಕೊಟ್ಟುಬಿಡು,” ಅಂದ.

ನಾದಿನಿ ಮಗಳ ಜೊತೆ ಬಂದಳು. ಹುಡುಗಿ ಹತ್ತಿಯನ್ನು ಕಂಡದ್ದೇ ತಡ, ಎತ್ತಿ ಅಪ್ಪಿಕೊಂಡು ಫೋಟೋ ಮೇಲೆ ಫೋಟೋ ತೆಗೆದಳು. ನಾದಿನಿ ಕುರ್ಚಿಯಲ್ಲಿ ಕೂತು ನಾಯಿಯನ್ನೇ ನೋಡಿದಳು.

“ನಿಜ ಹೇಳ್ಲಾ ಅತ್ತಿಗೆ? ಇಲ್ಲೇ ಇರಲಿ ಅಂತ ಹೇಳೋದಕ್ಕೆ ಬಂದಿದ್ದೆ. ವಯಸ್ಸಾಗಿ ಕೂದಲೆಲ್ಲ ಉದುರಿರುತ್ತೆ, ಈಗಿನ ಮನೇಲಿ ನಾಯಿ ಇಟ್ಕೋಬಹುದು, ಇವಳಿಗೊಂದು ಮರಿ ತಂದ್ರಾಯ್ತು ಅಂದುಕೊಂಡಿದ್ದೆ. ಹೀಗಿರೋದನ್ನ ನೋಡಿ ಹೇಗೆ ಬಿಟ್ಟು ಹೋಗಲಿ?”

ಗಂಡ ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಮೇಲೆ ಬಿದ್ದ ಕೂದಲನ್ನು ಕೈಯಿಂದ ಗುಡಿಸುತ್ತಿದ್ದಳು.

ನಿಮಗೂ ತುಂಬಾ ತೊಂದರೆ ಕೊಟ್ಟುಬಿಟ್ಟೆ ಅಂದಳು ನಾದಿನಿ. ಅತ್ತಿಗೆ ಒಯ್ಯಬೇಡ ಅಂದಿದ್ದರೆ ಅವಳು ಬಹುಶಃ ಬಿಟ್ಟೇ ಹೋಗುತ್ತಿದ್ದಳು. ಕೆಟ್ಟ ಹೆಂಗಸೇನಲ್ಲ. ಆದರೆ ಬೇರೆಯವರ ವಸ್ತುವಿಗೆ ಆಸೆ ಪಟ್ಟಳು ಅನ್ನಿಸಿಕೊಳ್ಳುವುದು ಅತ್ತಿಗೆಗೆ ಸಾವಿಗಿಂತ ಕಷ್ಟ.

“ತೊಂದರೆ ಅಂದ್ರೆ ತೊಂದರೇನೇ ಕಣಮ್ಮ. ಹೊಲಿಯೋ ಬಟ್ಟೆ ತುಂಬ ಅದರ ಕೂದಲು. ಕರ್ಕೊಂಡು ಹೋಗು, ನಾನೂ ಉಸಿರು ಬಿಡ್ತೀನಿ.”

ಗಂಡ ಎದ್ದು ಒಳಗೆ ಹೋದ. ಅವಳು ಬಾಚಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹುಡುಗಿಯ ಕೈಗೆ ಕೊಟ್ಟು, ಮೊದಲು ಬಾಚಬೇಕು, ಆಮೇಲೆ ನೀರು, ಅಂತ ಹೇಳಿಕೊಟ್ಟಳು. ಸಿಕ್ಕಿನ ಮೇಲೆ ನೀರು ಬಿದ್ದರೆ ಆಮೇಲೆ ಯಾರ ಕೈಗೂ ಬಿಡುವುದಿಲ್ಲ. ಹುಡುಗಿ ಫೋನು ನೋಡುತ್ತಲೇ ಹೂಂ ಅತ್ತೆ ಅಂದಳು.

ಬಹಳ ದಿನ ಸುದ್ದಿ ಇರಲಿಲ್ಲ. ಕೇಳಿದರೆ ಆಸೆ ಗೊತ್ತಾಗಿಬಿಡುತ್ತದೆ ಅಂತ ಇವಳೂ ಫೋನ್ ಮಾಡಲಿಲ್ಲ. ಕೊನೆಗೆ ನಾದಿನಿಯೇ ಮಾಡಿ ಅದೂಇದೂ ಮಾತಾಡಿದ ಮೇಲೆ ನಾಯಿಯ ವಿಷಯಕ್ಕೆ ಬಂದಳು. ಅದು ಬಾಚಲು ಬಿಡಲೇ ಇಲ್ಲವಂತೆ. ಹಾಗೇ ಸ್ನಾನ ಮಾಡಿಸಿದ್ದರಂತೆ. ಕೂದಲೆಲ್ಲ ಚಾಪೆಯ ಹಾಗೆ ಕಟ್ಟಿ, ನಾಯಿ ಕೂದಲು ಕತ್ತರಿಸುವ ಅಂಗಡಿಗೆ ಒಯ್ದು ಬಾಯಿಗೆ ಪಟ್ಟಿ ಬಿಗಿದು ಬುಡದವರೆಗೆ ಬೋಳಿಸಬೇಕಾಯಿತಂತೆ. ಬೋಳಿಸಿದ ಮೇಲೆ ಹುಡುಗಿ ಹತ್ತಿರವೂ ಸೇರಿಸಲಿಲ್ಲವಂತೆ. ಆಸ್ಪತ್ರೆಯಲ್ಲಿ ಯಾರೋ ಕೇಳಿದರು, ಕೊಟ್ಟಾಯಿತು. ಅವರೂ ಈಗ ಊರು ಬಿಟ್ಟಿದ್ದಾರೆ.

“ನಮಗೆ ಒಂದು ಮಾತು ಹೇಳೋದಲ್ವಾ?” ಅಂದಳು ಇವಳು.

“ನಿಮಗ್ಯಾಕೆ ಮತ್ತೆ ತೊಂದರೆ ಅಂತ ಸುಮ್ಮನಾದೆ ಅತ್ತಿಗೆ. ನೀವೇ ಅಂದಿದ್ರಲ್ಲ, ಉಸಿರು ಬಿಡ್ತೀನಿ ಅಂತ.”

ಇವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

“ನನಗದು ಬೇಕಾಗಿತ್ತು ಕಣೇ.”

ನಾದಿನಿ ಮೆಲ್ಲಗೆ, “ಮೊದಲೇ ಹೇಳಬಾರದಾಗಿತ್ತಾ?” ಅಂದಳು.

ಫೋನ್ ಇಟ್ಟ ಮೇಲೆ ಗಂಡ ಏನಂತೆ ಅಂತ ಕೇಳಿದ. ಅವಳು ಮೆಷಿನ್ನಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಹೋಗುತ್ತಿರಲಿಲ್ಲ.

“ಮೊದಲು ನೀರು ಹಾಕಿಬಿಟ್ರಂತೆ,” ಅಂದಳು.