ಮಚ್ಚೆಯಿದ್ದ ಮ್ಯಾಗ್ನೆಟ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಹೇಳುತ್ತಾರೆ. ಕಾಲೇಜಿನಲ್ಲಿ ಅಷ್ಟು ಮರ್ಯಾದೆಯಾಗಿ ಹೇಳುವುದಿಲ್ಲ, ಅಲ್ಲಿ ನನಗೆ ಆ್ಯಸಿಡ್ ಮೇಡಂ ಎಂದು ಹೆಸರಿಟ್ಟಿದ್ದಾರೆ. ಅದರ ಬಗ್ಗೆ ನನಗೇನೂ ಬೇಸರವಿಲ್ಲ. ಆದರೆ ಆ ಬುಧವಾರ ಮಧ್ಯಾಹ್ನ ಲ್ಯಾಬಿನಲ್ಲಿ ಆ್ಯಸಿಡ್ ಮೇಡಂ ಬಾಯಿಗೆ ಬೀಗ ಬಿದ್ದವಳ ಹಾಗೆ ನಿಂತದ್ದನ್ನು ನೋಡಿದವರು ಇವಳಿಗೆ ಗರ ಬಡಿದಿದೆ ಅಂದುಕೊಂಡಿರಬೇಕು. ಅವರು ಅಂದುಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ.

ನಾನು ಪದವಿ ತರಗತಿಗಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ನನ್ನ ತಂಗಿ ಊರಿನ ಆ ತುದಿಯಲ್ಲಿರುವ ಸಂಶೋಧನಾ ಸಂಸ್ಥೆಯಲ್ಲಿ ಅದೇ ವಿಷಯದಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು. ಒಂದು ಕಾಲದಲ್ಲಿ ನಾನೂ ಅಲ್ಲೇ, ಅದೇ ಗೈಡ್ ಕೈಕೆಳಗೆ ಇದ್ದವಳು. ಅಪ್ಪ ಹಾಸಿಗೆ ಹಿಡಿದ ವರ್ಷ ಸಂಶೋಧನೆ ಅರ್ಧಕ್ಕೆ ಬಿಟ್ಟು ಪಾಠ ಹೇಳುವ ಕೆಲಸಕ್ಕೆ ಸೇರಿಕೊಂಡೆ. ಹಾಗಾಗಿ ತಂಗಿಗೆ ಬರಲಿರುವ ಪದವಿ ಅರ್ಧ ನನಗೇ ಬಂದಹಾಗೆ ಎಂಬ ಲೆಕ್ಕಾಚಾರ ನನ್ನ ಮನಸ್ಸಿನಲ್ಲಿ ಯಾವಾಗಲೂ ಇತ್ತು. ಮುಂದಿನ ಸೋಮವಾರ ಅವಳ ವೈವಾ. ಪರೀಕ್ಷಕರ ಮುಂದೆ ಕೂತು ನಾಲ್ಕು ಪ್ರಶ್ನೆಗೆ ಉತ್ತರ ಹೇಳಿ ಬಂದರೆ ಡಾಕ್ಟರು.

ಅವಳು ಕಂಡುಹಿಡಿದದ್ದೇನೂ ಸಾಮಾನ್ಯದ್ದಲ್ಲ. ಎರಡು ಉಂಗುರದಾಕಾರದ ಅಣುಗಳನ್ನು ಒಂದಕ್ಕೊಂದು ಬೆಸೆಯಬೇಕು ಅಂದರೆ ನಡುವೆ ದಲ್ಲಾಳಿಯಾಗಿ ಪಲ್ಲಾಡಿಯಂನಂಥ ಒಂದು ಲೋಹ ಇರಲೇಬೇಕು. ಆ ಲೋಹ ಕಂಡಾಪಟ್ಟೆ ದುಬಾರಿ. ಔಷಧಿ ಮಾಡುವವರಿಗೆ ಕೊನೆಗೆ ಔಷಧಿಯಿಂದ ಅದನ್ನು ಪೂರ್ತಿ ತೆಗೆಯುವುದೇ ಒಂದು ತಲೆನೋವು. ನನ್ನ ತಂಗಿ ಲೋಹವೇ ಇಲ್ಲದೆ ಆ ಬೆಸುಗೆ ಹಾಕಿ ತೋರಿಸಿದ್ದಳು. ಅವಳ ಪೇಪರ್ ಹೊರಬಂದಾಗ ನಾನು ಸ್ಟಾಫ್ ರೂಮಿನಲ್ಲಿ ಕೊಂಬು ಮೂಡಿದವಳ ಹಾಗೆ ಓಡಾಡಿದ್ದೆ.

ಒಂದೇ ಒಂದು ತಕರಾರು ಇತ್ತು. ಆ ಕ್ರಿಯೆ ಅವಳು ಮಾಡಿದರೆ ಆಗುತ್ತಿತ್ತು, ಬೇರೆಯವರು ಮಾಡಿದರೆ ಆಗುತ್ತಿರಲಿಲ್ಲ. ಅವಳ ಲ್ಯಾಬಿನವರಿಗೂ ಆಗಲಿಲ್ಲ, ದೂರದ ಯಾವುದೋ ದೇಶದಿಂದ ಕೇಳಿ ಬರೆದವರಿಗೂ ಆಗಲಿಲ್ಲ. ಲೋಹವೇನಾದರೂ ಬೆರೆತಿದೆಯೇ ಎಂದು ಅವಳ ಗೈಡ್ ಪುಡಿ, ದ್ರಾವಣ, ನೀರು ಎಲ್ಲವನ್ನೂ ಪರೀಕ್ಷೆಗೆ ಕಳಿಸಿದ್ದರು. ಎಲ್ಲವೂ ಶುದ್ಧ ಎಂದು ಬಂದಿತ್ತು. ಹಾಗಾದರೆ ಅದು ಅವಳ ಕೈಗುಣ ಎಂದು ಎಲ್ಲರೂ ಸುಮ್ಮನಾದರು. ಅಡುಗೆಯಲ್ಲಿ ಕೈಗುಣ ಇರುವುದಾದರೆ ರಸಾಯನದಲ್ಲಿ ಯಾಕಿರಬಾರದು ಎಂದು ನಾನೇ ಸ್ಟಾಫ್ ರೂಮಿನಲ್ಲಿ ವಾದ ಮಾಡಿದ್ದುಂಟು.

ಈ ವರ್ಷ ನಮ್ಮ ಕಾಲೇಜಿನಲ್ಲಿ ಪ್ರಾಯೋಗಿಕ ತರಗತಿಯ ರೀತಿ ಬದಲಾಯಿತು. ಮೊದಲು ಉತ್ತರ ಗೊತ್ತಿರುವ ಪ್ರಯೋಗವನ್ನೇ ಮಾಡಿಸುತ್ತಿದ್ದೆವು, ಮಕ್ಕಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಬರೆದುಕೊಂಡು ಬರುತ್ತಿದ್ದರು. ಈಗ ಹೊಸದಾಗಿ ಪ್ರಕಟವಾದ ಯಾವುದಾದರೂ ಸಂಶೋಧನೆಯನ್ನು ಅವರೇ ಮತ್ತೆ ಮಾಡಿ ನೋಡಬೇಕು, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಕಲಿಕೆ ಅಂದರೆ ಹೀಗಿರಬೇಕು ಎಂದು ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಯಾವ ಸಂಶೋಧನೆ ಎಂಬ ಪ್ರಶ್ನೆ ಬಂದಾಗ, ಕೇಳಬೇಕೆ, ತಂಗಿಯದನ್ನೇ ಆರಿಸಿದೆ.

ಪ್ರಯೋಗ ಸುಲಭವಾಗಿತ್ತು. ಫ್ಲಾಸ್ಕಿನಲ್ಲಿ ಎರಡು ಪುಡಿ, ಸ್ವಲ್ಪ ದ್ರಾವಣ, ಹದವಾದ ಬಿಸಿ. ಫ್ಲಾಸ್ಕಿನ ತಳದಲ್ಲಿ ಬಿಳಿ ಹೊದಿಕೆಯ ಪುಟ್ಟ ಅಯಸ್ಕಾಂತದ ಕಡ್ಡಿ ಇರುತ್ತದೆ. ಕೆಳಗಿನ ಯಂತ್ರ ಚಾಲೂ ಮಾಡಿದರೆ ಅದು ಗಿರಗಿರನೆ ತಿರುಗಿ ದ್ರಾವಣವನ್ನು ಕಲಕುತ್ತದೆ. ನಾವೆಲ್ಲ ಅದನ್ನು ಮ್ಯಾಗ್ನೆಟ್ ಎಂದೇ ಕರೆಯುತ್ತೇವೆ. ಬೆಸುಗೆ ಆಗಿದ್ದರೆ ಒಂದು ಹನಿಯನ್ನು ಪುಟ್ಟ ಪರೀಕ್ಷಾ ಪಟ್ಟಿಯ ಮೇಲೆ ಹಾಕಿ ಕತ್ತಲೆ ಪೆಟ್ಟಿಗೆಯೊಳಗಿನ ನೇರಳಾತೀತ ದೀಪದ ಕೆಳಗೆ ಹಿಡಿದಾಗ ನೀಲಿಯಾಗಿ ಹೊಳೆಯುತ್ತದೆ. ಆಗದಿದ್ದರೆ ಕಪ್ಪು ಕಪ್ಪಾಗಿಯೇ ಇರುತ್ತದೆ.

ಇಡೀ ತರಗತಿಯಲ್ಲಿ ಒಂದೇ ಒಂದು ಪಟ್ಟಿ ಹೊಳೆಯಲಿಲ್ಲ.

ನಾನು ಸುಮ್ಮನಿರುವವಳಲ್ಲ. ಫ್ಲಾಸ್ಕ್ ತೊಳೆದಿಲ್ಲ, ತೂಕ ಮಾಡುವಾಗ ಮೊಬೈಲ್ ನೋಡಿದ್ದೀರಿ, ತಲೆ ಎಲ್ಲೋ ಕೈ ಎಲ್ಲೋ ಎಂದು ಎಲ್ಲರಿಗೂ ಮಂಗಳಾರತಿ ಎತ್ತಿದೆ. ಮತ್ತೊಮ್ಮೆ ಮಾಡಿಸಿದರೂ ಅದೇ ಕಥೆ. "ಏನೂ ಆಗಲಿಲ್ಲ" ಎಂದು ಬರೆದುಕೊಟ್ಟವರಿಗೆಲ್ಲ ಕೆಂಪು ಶಾಯಿಯಲ್ಲಿ "ಅಜಾಗ್ರತೆ" ಎಂದು ಬರೆದು ಅಂಕ ಕತ್ತರಿಸಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕೇಳಿದ್ದನ್ನೇ ಬಿಡದೆ ಕೇಳುವುದರಿಂದ ಅವಳಿಗೆ ನಾನಿಟ್ಟ ಹೆಸರು ಪ್ರಶ್ನೆಪತ್ರಿಕೆ.

"ಮೇಡಂ, ಕಂಡದ್ದನ್ನ ಬರೀರಿ ಅಂದ್ರಿ. ಕಂಡಿದ್ದು ಇದೇ ತಾನೇ?" ಅಂದಳು.

"ಮೊದಲು ಸರಿಯಾಗಿ ಮಾಡೋದು ಕಲಿ. ಆಮೇಲೆ ಕಾಣೋದು" ಅಂದೆ.

ಆ ಬುಧವಾರ ತಂಗಿಯನ್ನೇ ಕರೆಸಿದ್ದು ಇದಕ್ಕೇ. ಇವರ ಕಣ್ಣೆದುರಿಗೇ ಮಾಡಿ ತೋರಿಸಲಿ, ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು. ಅವಳು ಬಂದಳು. ಮಕ್ಕಳ ಪುಡಿಯನ್ನೇ ತೂಗಿದಳು, ಮಕ್ಕಳ ಫ್ಲಾಸ್ಕನ್ನೇ ತೆಗೆದುಕೊಂಡಳು. ತನ್ನ ಬ್ಯಾಗಿನಿಂದ ತೆಗೆದದ್ದು ಕನ್ನಡಕ, ಕೈಗವಸು, ಒಂದು ಪುಟ್ಟ ಬಾಟಲಿ ಇಷ್ಟೇ. ಬಾಟಲಿಯಲ್ಲಿ ಅವಳ ಮ್ಯಾಗ್ನೆಟ್ ಇತ್ತು. ಸಂಶೋಧನೆ ಮಾಡುವವರಲ್ಲಿ ಇದೊಂದು ಅಭ್ಯಾಸ. ಕೈಗೆ ಒಗ್ಗಿದ ಮ್ಯಾಗ್ನೆಟ್ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳುತ್ತಾರೆ, ಇನ್ನೊಬ್ಬರಿಗೆ ಕೊಡುವುದಿಲ್ಲ. ಇದು ಅವಳು ಸಂಸ್ಥೆಗೆ ಸೇರಿದ ದಿನ ನಾನೇ ಕೊಟ್ಟದ್ದು, ನನ್ನ ಸಂಶೋಧನೆಯ ದಿನಗಳದ್ದು. ಆಮ್ಲದಲ್ಲಿ ತೊಳೆದು, ಬಾಟಲಿಗೆ ಹಾಕಿ, ಮೇಲೆ "ಒಳ್ಳೆಯದಾಗಲಿ" ಎಂದು ಚೀಟಿ ಅಂಟಿಸಿ ಕೊಟ್ಟಿದ್ದೆ. ಎಷ್ಟು ತೊಳೆದರೂ ಅದರ ತುದಿಯಲ್ಲಿ ಒಂದು ಬೂದು ಚುಕ್ಕೆ ಹೋಗಿರಲಿಲ್ಲ. "ಬಿಡಕ್ಕ, ನಿನ್ನ ಗಲ್ಲದ ಮಚ್ಚೆ ತರಾನೇ ಇದೆ" ಎಂದು ಅವಳು ನಕ್ಕಿದ್ದಳು. ಮುಖ್ಯವಾದ ಪ್ರಯೋಗ ಯಾವುದಿದ್ದರೂ ಅವಳು ಆ ಮಚ್ಚೆಯ ಮ್ಯಾಗ್ನೆಟ್ಟನ್ನೇ ಹಾಕುತ್ತಿದ್ದಳು ಎಂಬುದು ನನಗೆ ಗೊತ್ತಿತ್ತು, ಹೆಮ್ಮೆಯೂ ಇತ್ತು.

ಒಂದು ಗಂಟೆ ಕಳೆದ ಮೇಲೆ ಅವಳ ಪಟ್ಟಿ ದೀಪದ ಕೆಳಗೆ ಚೆನ್ನಾಗಿ ನೀಲಿಯಾಗಿ ಹೊಳೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಅವಳ ಜೊತೆಯಲ್ಲೇ ಪ್ರಯೋಗ ಶುರುಮಾಡಿದ್ದ ಮಕ್ಕಳ ಪಟ್ಟಿಗಳು ಎಂದಿನಂತೆ ಕಪ್ಪಾಗೇ ಇದ್ದವು.

"ನೋಡಿದ್ರಾ? ಅದೇ ಪುಡಿ, ಅದೇ ಪಾತ್ರೆ. ಈಗಲಾದ್ರೂ ಒಪ್ಕೊಳ್ತೀರಾ, ಎಡವಟ್ಟು ನಿಮ್ಮದು ಅಂತ?" ಅಂದೆ. ಸತ್ಯ ಹೇಳುತ್ತೇನೆ, ಆಗ ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಹಿಂದಿನ ಬೆಂಚಿನಿಂದ ಟಕಟಕ ಸದ್ದು ಬರುತ್ತಿತ್ತು. ಪ್ರಶ್ನೆಪತ್ರಿಕೆಯ ಫ್ಲಾಸ್ಕಿನಲ್ಲಿ ಮ್ಯಾಗ್ನೆಟ್ಟಿನ ಹೊದಿಕೆ ಒಡೆದು, ಅದು ತಿರುಗುವ ಬದಲು ಕುಣಿಯುತ್ತಿತ್ತು. ಹೊಸದು ಉಗ್ರಾಣದಲ್ಲಿತ್ತು, ಬೀಗದಕೈ ಸ್ಟಾಫ್ ರೂಮಿನಲ್ಲಿತ್ತು, ಅಲ್ಲಿಯವರೆಗೆ ನಡೆಯುವ ತಾಳ್ಮೆ ನನಗಿರಲಿಲ್ಲ. ಒಡೆದದ್ದನ್ನು ತೆಗೆದು, ತಂಗಿ ತೊಳೆದು ಇಟ್ಟಿದ್ದ ಮ್ಯಾಗ್ನೆಟ್ಟನ್ನು ಚಿಮುಟದಲ್ಲಿ ಎತ್ತಿ ಆ ಹುಡುಗಿಯ ಫ್ಲಾಸ್ಕಿಗೆ ಹಾಕಿದೆ. "ತಗೋ. ಇನ್ನೊಂದ್ಸಲ ಬಿಸಿ ಮಾಡು, ಸದ್ದಾದ್ರೂ ನಿಲ್ಲಲಿ" ಅಂದೆ. ತಂಗಿ ಆಗ ಬಾಗಿಲ ಹತ್ತಿರ ಮಕ್ಕಳಿಗೆ ಏನೋ ವಿವರಿಸುತ್ತಿದ್ದಳು, ಇದನ್ನು ನೋಡಲಿಲ್ಲ.

ತರಗತಿ ಮುಗಿಯುವ ಹೊತ್ತಿಗೆ ಆ ಹುಡುಗಿ ಪಟ್ಟಿಯನ್ನು ದೀಪದ ಕೆಳಗೆ ಹಿಡಿದು ಪೆಟ್ಟಿಗೆಯ ಕಿಂಡಿಯಲ್ಲಿ ನೋಡಿದಳು.

"ಮೇಡಂ, ನಮ್ಮದೂ ಹೊಳೀತಿದೆ."

ಎಲ್ಲರೂ ಮುಗಿಬಿದ್ದರು. ನಾನೂ ಬಗ್ಗಿ ನೋಡಿದೆ. ಅದೇ ನೀಲಿ ಬಣ್ಣ. ಬೆನ್ನು ತಟ್ಟಲು ಕೈ ಎತ್ತಿದ್ದೆ. "ಏನು ಬದಲಾಯಿಸಿದೆ?" ಎಂದು ಯಾರೋ ಕೇಳಿದರು. ಹುಡುಗಿ ಸಹಜವಾಗಿ, "ಏನಿಲ್ಲ, ಮೇಡಂ ಬಂದು ಮ್ಯಾಗ್ನೆಟ್ ಬದಲಾಯಿಸಿದ್ರು ಅಷ್ಟೇ" ಅಂದಳು.

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಬಾಗಿಲ ಕಡೆ ನೋಡಿದೆ. ತಂಗಿ ಮಾತು ನಿಲ್ಲಿಸಿ ಆ ಫ್ಲಾಸ್ಕನ್ನೇ ನೋಡುತ್ತಿದ್ದಳು. ಎಲ್ಲ ಪುಡಿಗಳನ್ನೂ ಪರೀಕ್ಷೆಗೆ ಕಳಿಸಿದ್ದರು. ಆದರೆ ಸಾರಿನ ಸಾಮಾನು ಪರೀಕ್ಷಿಸುವವರು ಸೌಟನ್ನು ಪರೀಕ್ಷೆಗೆ ಕಳಿಸುತ್ತಾರೆಯೇ?

ಅವಳು ನೇರ ನನ್ನ ಹತ್ತಿರ ಬಂದು, "ಅಕ್ಕ, ಉಗ್ರಾಣದಿಂದ ಹೊಸ ಮ್ಯಾಗ್ನೆಟ್ ತರಿಸು" ಅಂದಳು. ಹೊಸ ಡಬ್ಬಿ ಬಂತು. ಅವಳೇ ಒಡೆದಳು, ಅವಳೇ ತೂಗಿದಳು, ಅವಳೇ ಬಿಸಿ ಮಾಡಿದಳು. ಮನೆಗೆ ಹೋಗುವ ಹೊತ್ತಾದರೂ ಮಕ್ಕಳು ಒಬ್ಬರೂ ಏಳಲಿಲ್ಲ. ಕೈಗುಣ ಎಂದು ನಾವೆಲ್ಲ ಹೊಗಳಿದ್ದ ಆ ಕೈಯ ಕೆಲಸದಲ್ಲಿ ಒಂದು ತಪ್ಪೂ ಆಗಲಿಲ್ಲ. ಕೊನೆಗೆ ಪಟ್ಟಿಯನ್ನು ದೀಪದ ಕೆಳಗೆ ಹಿಡಿದಳು. ಕಪ್ಪು.

ನಾನು ಅವಳ ಕೈ ಹಿಡಿದು ಪಕ್ಕದ ತಕ್ಕಡಿ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಅಕ್ಕ, ಆ ಮ್ಯಾಗ್ನೆಟ್‌ನಲ್ಲಿ ನೀನು ಏನು ಕಲಕ್ತಿದ್ದೆ?" ಅಂದಳು.

ಉತ್ತರ ಅವಳಿಗೂ ಗೊತ್ತಿತ್ತು, ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಳು. ನಾನು ಆ ಸಂಸ್ಥೆಯಲ್ಲಿದ್ದಷ್ಟು ಕಾಲವೂ ಕಲಕಿದ್ದು ಪಲ್ಲಾಡಿಯಂ. ಹೊದಿಕೆಯ ಗೀರಿನೊಳಗೆ ಸೇರಿಕೊಂಡ ಆ ಲೋಹವೇ ಬೂದು ಮಚ್ಚೆ. ಕಣ್ಣಿಗೆ ಕಾಣದಷ್ಟು ಇದ್ದರೂ ಆ ಬೆಸುಗೆಗೆ ಸಾಕು. ಲೋಹವಿಲ್ಲದ ಬೆಸುಗೆ ಎಂದು ಲೋಕಕ್ಕೆಲ್ಲ ಸಾರಿದ್ದ ನನ್ನ ತಂಗಿಯ ಫ್ಲಾಸ್ಕಿನಲ್ಲಿ ಪ್ರತಿಸಲವೂ ಲೋಹ ತಿರುಗುತ್ತಿತ್ತು. ಅದನ್ನು ಅವಳ ಕೈಗೆ ಕೊಟ್ಟವಳು ನಾನು.

ಆಮೇಲೆ ನನ್ನ ಬಾಯಿಂದ ಬಂದ ಮಾತು ಕೇಳಿ ನಾನೇ ದಂಗಾದೆ. "ನೋಡು, ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಮಕ್ಕಳಿಗೆ ಏನೋ ಒಂದು ಹೇಳ್ತೀನಿ. ಸೋಮವಾರ ವೈವಾ ಮುಗಿಸ್ಬಿಡು. ಪದವಿ ಕೈಗೆ ಬಂದ ಮೇಲೆ ನಿಧಾನಕ್ಕೆ ನೋಡೋಣ."

ಅವಳು ನನ್ನನ್ನು ಗುರುತು ಸಿಗದವರ ಹಾಗೆ ನೋಡಿದಳು. ಗೋಡೆಯ ಪಕ್ಕದ ಮೇಜಿನ ಮೇಲೆ ಮಕ್ಕಳ ವರದಿಗಳ ಕಟ್ಟು ಇತ್ತು. ಒಂದೊಂದಾಗಿ ತಿರುವಿದಳು. ಏನೂ ಆಗಲಿಲ್ಲ, ಅದರ ಪಕ್ಕದಲ್ಲಿ ನನ್ನ ಕೆಂಪು ಶಾಯಿ. ಏನೂ ಆಗಲಿಲ್ಲ, ಮತ್ತೆ ಕೆಂಪು ಶಾಯಿ.

"ಇವರೆಲ್ಲ ಸರಿಯಾಗೇ ಮಾಡಿದಾರೆ ಅಕ್ಕ. ಇಡೀ ಕ್ಲಾಸಲ್ಲಿ ತಪ್ಪು ಮಾಡಿದೋಳು ನಾನೊಬ್ಬಳೇ" ಅಂದಳು. "ಇನ್ನೂ ಎಷ್ಟು ಜನ ನನ್ನ ಪೇಪರ್ ನೋಡ್ಕೊಂಡು, ತಮ್ಮ ಕೈಯೇ ಸರಿ ಇಲ್ಲ ಅಂತ ಬೈಸ್ಕೊಳ್ತಾ ಇದಾರೋ."

ಅವಳು ಮೊಬೈಲ್ ತೆಗೆದು ಗೈಡ್‌ಗೆ ಫೋನ್ ಮಾಡಿದಳು. ನನಗೂ ಕೇಳಲಿ ಎಂದು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ನಡೆದದ್ದನ್ನೆಲ್ಲ ಹೇಳಿದಳು. ಅವರು ಮೊದಲು ಕೇಳಿದ್ದು ಇಷ್ಟೇ.

"ಹೊಸ ಮ್ಯಾಗ್ನೆಟ್‌ನಲ್ಲಿ ನೀನೇ ಮಾಡಿ ನೋಡಿದ್ಯಾ?"

"ಮಾಡ್ದೆ ಸರ್. ಆಗಲಿಲ್ಲ."

ಆಮೇಲೆ ಅವರು ಕೇಳಿದರು, "ಆ ಮ್ಯಾಗ್ನೆಟ್ ನಿನಗೆ ಎಲ್ಲಿಂದ ಬಂತು?"

ತಂಗಿ ನನ್ನ ಮುಖ ನೋಡಿದಳು. ಅಷ್ಟು ಹೊತ್ತು ಒಂದಕ್ಷರ ಸುಳ್ಳಾಡದೆ ತನ್ನ ವರ್ಷಗಳ ದುಡಿಮೆಯನ್ನು ತಾನೇ ಕಿತ್ತುಹಾಕಿದ ಹುಡುಗಿ, "ಗೊತ್ತಿಲ್ಲ ಸರ್. ಲ್ಯಾಬಿನ ಹಳೇ ಡಬ್ಬಿಯಲ್ಲಿ ಸಿಕ್ಕಿತ್ತು" ಅಂದಳು.

ಅವತ್ತು ಬಿದ್ದ ಪೆಟ್ಟುಗಳಲ್ಲಿ ನನಗೆ ಇದೇ ಹೆಚ್ಚು ನೋವು ಮಾಡಿತು. ಹೀಗಂದರೆ ಯಾವ ಲೋಹ ಎಂದು ಯಾರಿಗೂ ತಿಳಿಯುವುದಿಲ್ಲ, ಸಿಕ್ಕಿದ್ದನ್ನು ಹಾಕಿ ಕಲಕುವ ಬೇಜವಾಬ್ದಾರಿ ಎಂಬ ಹೆಸರು ಅವಳಿಗೆ ಅಂಟಿಕೊಳ್ಳುತ್ತದೆ. ನನ್ನನ್ನು ಉಳಿಸಲು ಅವಳು ಅದಕ್ಕೂ ತಯಾರಿದ್ದಳು. ನಾನು ಫೋನನ್ನು ನನ್ನ ಕಡೆ ಎಳೆದುಕೊಂಡೆ.

"ಸರ್, ನಾನು ಇವಳ ಅಕ್ಕ. ಅದು ನನ್ನ ಮ್ಯಾಗ್ನೆಟ್. ನಿಮ್ಮ ಲ್ಯಾಬಲ್ಲಿ ನಾನು ಬಳಸ್ತಿದ್ದದ್ದು. ತೊಳೆದು ನಾನೇ ಇವಳಿಗೆ ಕೊಟ್ಟಿದ್ದೆ."

ಆ ಕಡೆಯಿಂದ ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿತು. "ಪಲ್ಲಾಡಿಯಂ" ಅಂದರು ಅವರು. ನನಗೆ ಆ ವಿಷಯ ಕೊಟ್ಟವರು ಅವರೇ ತಾನೇ.

"ಹೌದು ಸರ್."

"ಸೋಮವಾರ ವೈವಾ ಬೇಡ, ಪರೀಕ್ಷಕರಿಗೆ ನಾನು ತಿಳಿಸ್ತೀನಿ. ಪೇಪರ್ ವಾಪಸ್ ತಗೋಬೇಕಾಗುತ್ತೆ, ಯಾಕೆ ಅಂತ ಅದರಲ್ಲೇ ಬರೀಬೇಕು. ನೀನೂ ಬಂದು ಬರೆದುಕೊಡಬೇಕು." ಅವರ ಹೆಸರೂ ಆ ಪೇಪರಿನ ಮೇಲಿತ್ತು. "ಅವಳನ್ನ ಒಬ್ಬಳನ್ನೇ ಬಿಡಬೇಡ" ಎಂದು ಹೇಳಿ ಇಟ್ಟರು.

ನಾವು ಲ್ಯಾಬಿಗೆ ವಾಪಸ್ ಬಂದಾಗ ಮಕ್ಕಳು ಇನ್ನೂ ಕೂತಿದ್ದರು. ಪ್ರಶ್ನೆಪತ್ರಿಕೆ ಎದ್ದು ನಿಂತಳು. ಈ ಸಲ ದನಿ ಬಹಳ ಮೆತ್ತಗಿತ್ತು.

"ಮೇಡಂ, ಏನು ಬರೀಬೇಕು?"

"ಕಂಡಿದ್ದನ್ನ ಬರಿ" ಅಂದಳು ನನ್ನ ತಂಗಿ. "ಯಾರ ಮ್ಯಾಗ್ನೆಟ್ ಅಂತಾನೂ ಬರಿ" ಎಂದು ನಾನು ಸೇರಿಸಿದೆ. ನಾನು ವರದಿಗಳ ಕಟ್ಟು ಎತ್ತಿಕೊಂಡು ಕೂತು, ಅಜಾಗ್ರತೆ ಎಂದು ಬರೆದಲ್ಲೆಲ್ಲ ಹೊಡೆದುಹಾಕತೊಡಗಿದೆ.

ತಂಗಿ ಮಚ್ಚೆಯ ಮ್ಯಾಗ್ನೆಟ್ಟನ್ನು ಚಿಮುಟದಲ್ಲಿ ಎತ್ತಿ ಅದರ ಬಾಟಲಿಗೆ ಹಾಕಿ ಮುಚ್ಚಳ ಬಿಗಿಮಾಡಿದಳು. ನನ್ನ ಹಳೆಯ ಚೀಟಿಯನ್ನು ಕಿತ್ತುಹಾಕುತ್ತಾಳೆ ಎಂದು ನಾನು ನೋಡುತ್ತಿದ್ದೆ. ಕೀಳಲಿಲ್ಲ. ಅದರ ಕೆಳಗೆ ಇನ್ನೊಂದು ಚೀಟಿ ಅಂಟಿಸಿ, "ಪಲ್ಲಾಡಿಯಂ ಇದೆ, ಬಳಸಬೇಡಿ" ಎಂದು ಬರೆದು ನನ್ನ ಮುಂದೆ ಇಟ್ಟಳು. ಎರಡು ಚೀಟಿಯ ಕೈಬರಹವೂ ಒಂದೇ ಥರ ಇತ್ತು. ಚಿಕ್ಕಂದಿನಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನೇ.