ಹನಿ ಸೋರದ ಕಾರು

ನನ್ನ ಗಂಡ ಓಯ್ಗೆನ್‌ಗೆ ಇಬ್ಬರು ಹೆಂಡಿರು. ಹಿರಿಯಳು ಐಶೆಲೆ, ಕಿರಿಯಳು ನಾನು, ರೋಸೀನೆ. ಐಶೆಲೆ ಹೆಣ್ಣಲ್ಲ, ನಮ್ಮ ಸ್ಟುಟ್‌ಗಾರ್ಟಿನ ಕಾರು ಕಾರ್ಖಾನೆ. ಆದರೂ ನಮ್ಮ ಮನೆಯಲ್ಲಿ ನಡೆಯುವುದು ಅವಳ ಮಾತೇ.

ಐಶೆಲೆ ಮನೆತನದ ಹಿರಿಯ ಮೊದಲು ಮಾಡುತ್ತಿದ್ದುದು ಕಾರಲ್ಲ, ವೈನಿನ ಪೀಪಾಯಿ. ನೆಕ್ಕರ್ ನದಿಯ ದಡದ ದ್ರಾಕ್ಷಿ ತೋಟದವರೆಲ್ಲ ಅವನ ಪೀಪಾಯಿಯೇ ಬೇಕೆಂದು ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ, ಏಕೆಂದರೆ ಅದು ಸೋರುತ್ತಿರಲಿಲ್ಲ. ಆಮೇಲೆ ಕುದುರೆಗಾಡಿಗೆ ಕೈ ಹಾಕಿದ, ಅದಕ್ಕೆ ಎಂಜಿನ್ ಕೂರಿಸಿದ, ಮಗನ ಕಾಲಕ್ಕೆ ರಾಜರೂ ಬ್ಯಾಂಕಿನವರೂ ಬಾಗಿಲಲ್ಲಿ ಸಾಲು ನಿಂತರು. 'ಹನಿ ಸೋರಿದರೆ ಹೆಸರು ಸೋರಿತು' ಎನ್ನುವುದು ಆ ಮುದುಕನ ಮಾತು. ಕಾರ್ಖಾನೆಯ ನೀರಿನ ಮನೆಯ ಗೋಡೆಯ ಮೇಲೆ ಅದನ್ನು ಆಳೆತ್ತರದ ಅಕ್ಷರದಲ್ಲಿ ಬರೆಸಿದ್ದಾರೆ.

ಓಯ್ಗೆನ್ ದುಡಿಯುವುದು ಆ ಗೋಡೆಯ ಕೆಳಗೇ. ಹೊಸ ಕಾರಿನ ಡಿಕ್ಕಿಯೊಳಗೆ ಟಾರ್ಚು ಹಿಡಿದು ಮುದುರಿ ಮಲಗುತ್ತಾನೆ. ಮೇಲಿನಿಂದ ಮುಚ್ಚಿ, ನಾಲ್ಕೂ ಕಡೆಯಿಂದ ಪೈಪಿನಲ್ಲಿ ನೀರು ಹೊಡೆಯುತ್ತಾರೆ. ಒಳಗೆ ಎಲ್ಲಾದರೂ ಹನಿ ಕಂಡೀತೇ ಎಂದು ಹುಡುಕುವುದು ಅವನ ಕೆಲಸ. ಜೊತೆಯವರು ಅವನನ್ನು ಕಪ್ಪೆ ಎಂದೇ ಕರೆಯುತ್ತಾರೆ. ಒಮ್ಮೆ ನೀರು ಹೊಡೆಯುವವನು ಇವನನ್ನು ಮರೆತು ಊಟಕ್ಕೆ ಹೋಗಿಬಿಟ್ಟ. ಬಂದು ತೆಗೆದರೆ ಓಯ್ಗೆನ್‌ನ ತುಟಿ ನೀಲಿಗಟ್ಟಿತ್ತಂತೆ, ಎತ್ತಿ ಹೊರಗೆ ಮಲಗಿಸಿದರಂತೆ. ಆ ಸಂಜೆ ಮನೆಗೆ ಬಂದವನು ಹೆದರಿದ್ದನೇ? ಎಲ್ಲಿ ಬಂತು. ಲಾಟರಿ ಹೊಡೆದವನ ಹಾಗೆ ಬೀಗುತ್ತಿದ್ದ.

"ಉಸಿರು ಕೂಡ ಸೋರಲ್ಲ ಕಣೇ ರೋಸ್ಲೆ, ಉಸಿರು ಕೂಡ."

ನನಗೆ ಐಶೆಲೆ ಎಂದರೆ ಬೇರೆಯೇ ನೆನಪು. ಹಿಟ್ಲರನ ಕಾಲದಲ್ಲಿ ದೊಡ್ಡವರೆಲ್ಲ ಓಡಾಡುತ್ತಿದ್ದುದು ಕಪ್ಪು ಐಶೆಲೆಯಲ್ಲಿ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದ ನಮ್ಮಪ್ಪನನ್ನು ಒಂದು ಬೆಳಿಗ್ಗೆ ಅದರಲ್ಲೇ ಕೂರಿಸಿಕೊಂಡು ಹೋದರು. ಅಪ್ಪ ಅಮ್ಮನಿಗೆ ಏನೋ ಹೇಳುತ್ತಿದ್ದ. ಬಾಗಿಲು 'ದಪ್' ಎಂದು ಮೆತ್ತಗೆ ಮುಚ್ಚಿತು, ಅವನ ಬಾಯಿ ಆಡುತ್ತಿತ್ತು, ದನಿ ಕೇಳಲಿಲ್ಲ. ಅವನು ತಿರುಗಿ ಬಂದದ್ದು ಎರಡು ವರ್ಷದ ಮೇಲೆ, ಮುಂದಿನ ಹಲ್ಲುಗಳಿಲ್ಲದೆ. ಕಂಪನಿಯವರು ಆ ಬಾಗಿಲಿನ ಸದ್ದನ್ನು ಇವತ್ತಿಗೂ ಜಂಬದಿಂದ ಜಾಹೀರಾತಿನಲ್ಲಿ ಹಾಕುತ್ತಾರೆ. ರೇಡಿಯೋದಲ್ಲಿ ಅದು ಬಂದರೆ ನಾನು ಎದ್ದು ಆರಿಸಿಬಿಡುತ್ತೇನೆ.

ಆದರೂ ಕಟ್ಟಿಕೊಂಡದ್ದು ಐಶೆಲೆಯವನನ್ನೇ. ಹಣೆಬರಹಕ್ಕೆ ಹೊಣೆ ಯಾರು? ಕಾರ್ಖಾನೆಯವರಿಗೆ ಕಡಿಮೆ ಬೆಲೆಗೆ ಒಂದು ಕಾರು ಸಿಗುತ್ತದೆ, ಒಂದು ವರ್ಷ ಓಡಿಸಿ ಮಾರಬಹುದು. ಹಾಗಾಗಿ ಕಪ್ಪೆಯ ಹೆಂಡತಿಯಾದ ನಾನೂ ಹಲ್ಲಿನ ಡಾಕ್ಟರರ ಹೆಂಡಿರ ಹಾಗೆ ಐಶೆಲೆಯಲ್ಲೇ ಓಡಾಡುವುದು. ಅದರೊಳಗೆ ಕೂತು ಏನನ್ನೂ ತಿನ್ನುವಂತಿಲ್ಲ. ಬೂಟು ಒರೆಸದೆ ಹತ್ತುವಂತಿಲ್ಲ. ನನ್ನ ತಮ್ಮನ ಮದುವೆಯಲ್ಲಿ ಯಾರೋ ಒಬ್ಬ, ಐಶೆಲೆಯೂ ಮಳೆಗೆ ಸೋರುತ್ತಂತೆ ಎಂದು ತಮಾಷೆ ಮಾಡಿದ್ದಕ್ಕೆ ಓಯ್ಗೆನ್ ತಟ್ಟೆ ಬಿಟ್ಟು ಎದ್ದಿದ್ದ. ನಮ್ಮ ಸ್ಟುಟ್‌ಗಾರ್ಟ್ ಸೀಮೆಯ ಶ್ವಾಬಿಯಾದವರು ಹೊಗಳುವುದನ್ನು ಕಲಿತವರಲ್ಲ. ಬೈಯಲಿಲ್ಲವೋ, ಅದೇ ಹೊಗಳಿಕೆ. ನನ್ನ ಅಡುಗೆಯನ್ನು ಇಪ್ಪತ್ತು ವರ್ಷದಿಂದ ಅವನು ಬೈದಿಲ್ಲ, ನಾನು ಅಷ್ಟರಲ್ಲೇ ತೃಪ್ತಿಪಟ್ಟುಕೊಂಡಿದ್ದೇನೆ. ಬಾಯಿತುಂಬ ಹೊಗಳುವುದೇನಿದ್ದರೂ ಹಿರಿಯಳನ್ನು.

ನನ್ನ ಅಕ್ಕ ಹೆಡ್‌ವಿಗ್ ಮದುವೆಯಾಗಿ ಯೇನಾ ಊರಿಗೆ ಹೋದವಳು. ಆಮೇಲೆ ದೇಶದ ನಡುವೆ ಮುಳ್ಳುಬೇಲಿ ಬಂತು, ಅವಳು ಪೂರ್ವ ಜರ್ಮನಿಯಲ್ಲೇ ಉಳಿದಳು. ಅವಳ ಮಗಳು ಸಿಲ್ಕೆ ನರ್ಸು. ನನ್ನನ್ನು ಪಶ್ಚಿಮಕ್ಕೆ ಹೋಗಲು ಬಿಡಿ ಎಂದು ಸರ್ಕಾರವನ್ನು ಕೇಳಿದ್ದೇ ತಪ್ಪಾಯಿತು, ಕೆಲಸ ಕಿತ್ತುಕೊಂಡರು. ಅವಳ ಜೊತೆಗೇ ಕೇಳಿದ್ದ ಗೆಳತಿಯನ್ನು ಪೊಲೀಸರು ವಿಚಾರಣೆಗೆಂದು ಕರೆದರು, ಅವಳು ಅಲ್ಲಿಂದ ನೇರ ಜೈಲಿಗೆ ಹೋದಳು. ಎಪ್ಪತ್ತಾರರ ಬೇಸಗೆಯಲ್ಲಿ ನಾವು ಯೇನಾಕ್ಕೆ ಹೋಗಿದ್ದಾಗ ಸಿಲ್ಕೆ ಅಡುಗೆಮನೆಯ ನಲ್ಲಿಯನ್ನು ಜೋರಾಗಿ ಬಿಟ್ಟು, ಓಯ್ಗೆನ್‌ನ ಕಿವಿಯ ಹತ್ತಿರ ಬಾಯಿಟ್ಟು, ಮುಂದಿನ ಸರದಿ ತನ್ನದು ಎಂದಳು. ಅವನು ಬಹಳ ಹೊತ್ತು ಒಂದೇ ಪಾತ್ರೆಯನ್ನು ಒರೆಸುತ್ತಿದ್ದ.

"ನಿನ್ನ ಎತ್ತರ ಎಷ್ಟಮ್ಮ?" ಎಂದು ಕೇಳಿದ.

ನನ್ನ ಕೈಯಲ್ಲಿದ್ದ ತಟ್ಟೆ ಜಾರಿ ಬಿತ್ತು.

ಅಕ್ಟೋಬರಿನಲ್ಲಿ ನಾವು ಪಶ್ಚಿಮ ಬರ್ಲಿನ್‌ಗೆ, ಓಯ್ಗೆನ್‌ನ ಹಳೆಯ ಜೊತೆಗಾರನ ಹುಟ್ಟುಹಬ್ಬಕ್ಕೆ ಹೋದೆವು. ಅಲ್ಲಿಂದ ನಮ್ಮೂರಿಗೆ ಬರುವ ಹೆದ್ದಾರಿ ಪೂರ್ವದವರ ನೆಲದ ಮೇಲೇ ಹಾಯುತ್ತದೆ. ರಸ್ತೆ ಬಿಟ್ಟು ಇಳಿಯುವಂತಿಲ್ಲ, ಯಾರನ್ನೂ ಹತ್ತಿಸಿಕೊಳ್ಳುವಂತಿಲ್ಲ. ಹೊರಡುವ ದಿನ ಬೆಳಿಗ್ಗೆ ಓಯ್ಗೆನ್ ಗೆಳೆಯನ ಗ್ಯಾರೇಜಿನಲ್ಲಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಇದ್ದ. ಇಂಥ ದಿನವೂ ಕಾರಿಗೆ ಪಾಲಿಶ್ ಹೊಡೆಯುತ್ತಾನಲ್ಲ ಎಂದು ನಾನು ಹಲ್ಲು ಕಡಿದೆ. ಹೊರಗೆ ಬಂದಾಗ ಮುಖ ಬಾಡಿತ್ತು, ಯಾರದೋ ಮಣ್ಣಿಗೆ ಹೋಗಿ ಬಂದವನ ಹಾಗೆ.

ಮಳೆ ಸುರಿಯುತ್ತಲೇ ಇತ್ತು. ಮಧ್ಯಾಹ್ನ ದಾಟಿದ ಮೇಲೆ, ಹೇಳಿಕೊಂಡಿದ್ದ ಜಾಗದಲ್ಲಿ, ಪೈನ್ ಮರಗಳ ಪಕ್ಕದ ನಿಲುಗಡೆಗೆ ಕಾರು ತಿರುಗಿಸಿದ. ಬೇರೆ ಗಾಡಿ ಇರಲಿಲ್ಲ. ಮರಗಳ ಹಿಂದಿನಿಂದ ತಲೆಗೆ ಬಟ್ಟೆ ಕಟ್ಟಿಕೊಂಡ ಸಿಲ್ಕೆ ಬಗ್ಗಿಕೊಂಡು ಓಡಿ ಬಂದಳು. ನನ್ನ ಕಡೆ ನೋಡಲೂ ಇಲ್ಲ, ಡಿಕ್ಕಿಯೊಳಗೆ ಮೈ ಮಡಿಸಿಕೊಂಡು ಮಲಗಿದಳು. ಓಯ್ಗೆನ್ ಅವಳ ತಲೆಯನ್ನು ಹಿಡಿದು ಒಂದು ಕಡೆಗೆ ಸರಿಸಿ, ಏನೋ ಹೇಳಿ, ಮುಚ್ಚಿದ. 'ದಪ್' ಎಂದಿತು. ನಾನು ನಾಲಿಗೆ ಕಚ್ಚಿಕೊಂಡೆ, ರಕ್ತದ ರುಚಿ ಬಂತು.

ಗಡಿಯ ಹತ್ತಿರ ಬಂದರೆ ಸಾಲು ಕಣ್ಣು ಹಾಯುವಷ್ಟು ದೂರ ಇತ್ತು. ಗಾಡಿಗಳು ನಿಂತು ನಿಂತು, ಒಂದೊಂದೇ ಹೆಜ್ಜೆ ಸರಿಯುತ್ತಿದ್ದವು. ಕಾವಲು ಗೋಪುರಗಳು, ನಾಯಿಗಳು, ಕೋಲಿಗೆ ಕಟ್ಟಿದ ಕನ್ನಡಿಯನ್ನು ಗಾಡಿಯಡಿಗೆ ತೂರಿಸುವವರು. ನಾನು ಅವರಿಗೆ ಹೆದರುತ್ತಾ ಕೂತಿದ್ದೆ. ಆಗ ಇದ್ದಕ್ಕಿದ್ದಂತೆ ಆ ನೀಲಿ ತುಟಿ ನೆನಪಾಯಿತು.

ಉಸಿರು ಕೂಡ ಸೋರಲ್ಲ.

ದೇವರೇ, ಈ ಯೋಚನೆ ನನಗೆ ಮೊದಲೇ ಏಕೆ ಬರಲಿಲ್ಲ? ಹೊರಗಿನ ಗಾಳಿ ಒಳಗೆ ಹೋಗದಂಥ ಪೆಟ್ಟಿಗೆಯಲ್ಲಿ ಅಕ್ಕನ ಮಗಳನ್ನು ಇಟ್ಟು ಮುಚ್ಚಿದ್ದೇವೆ. ಅವಳು ಒದ್ದರೂ, ಕೂಗಿದರೂ ನಮಗೆ ಕೇಳುವುದಿಲ್ಲ, ಅದು ಐಶೆಲೆ. ಒಂದು ಊಟದ ಹೊತ್ತಿಗೆ ಓಯ್ಗೆನ್‌ನಂಥ ಗಂಡಸೇ ನೆಲಕ್ಕೆ ಬಿದ್ದಿದ್ದ. ನಾವು ಅದಾಗಲೇ ಅದಕ್ಕಿಂತ ಹೆಚ್ಚು ಹೊತ್ತು ಕಳೆದಿದ್ದೆವು. ಅವನು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದ. ಕಾರಿನ ಜಂಬದಲ್ಲಿ ಇವನಿಗೆ ಬುದ್ಧಿಯೇ ಹೊಳೆದಿಲ್ಲ ಎಂದು ಖಚಿತವಾಯಿತು. ಪಕ್ಕದಲ್ಲೇ ಬಂದೂಕಿನವನು ಓಡಾಡುತ್ತಿದ್ದ, ಬಾಯಿಬಿಟ್ಟು ಹೇಳುವಂತಿರಲಿಲ್ಲ.

"ಓಯ್ಗೆನ್," ಎಂದೆ, "ಗಾಳಿ."

"ಕಿಟಕಿ ಇಳಿಸ್ಕೋ."

"ನನಗಲ್ಲ ಕಣೋ. ಗಾಳಿ."

"ಸುಮ್ನಿರು, ರೋಸ್ಲೆ."

ಅಷ್ಟೆ. ನನಗೆ ಅವನನ್ನು ಕೊಂದುಹಾಕುವಷ್ಟು ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಭಯ. ಬಾಗಿಲು ತೆರೆದು ಓಡಿಹೋಗಿ ಡಿಕ್ಕಿ ತೆಗೆದರೆ ಅವಳು ಬದುಕುತ್ತಾಳೆ, ಜೈಲಿಗೆ ಹೋಗುತ್ತಾಳೆ. ತೆಗೆಯದಿದ್ದರೆ ಆಚೆ ದಾಟುತ್ತಾಳೆ, ಹೆಣವಾಗಿ. ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟೆ. ಓಯ್ಗೆನ್ ನನ್ನ ಮೊಣಕೈಯನ್ನು ಹಿಡಿದುಕೊಂಡ, ನೋವಾಗುವಷ್ಟು ಬಿಗಿಯಾಗಿ. ನಮ್ಮ ಸರದಿ ಬಂತು.

ಕಾವಲಿನವನು ನಡುವಯಸ್ಸಿನವನು, ಮೂಗಿನ ತುದಿಯಿಂದ ಮಳೆನೀರು ಇಳಿಯುತ್ತಿತ್ತು. ಪಾಸ್‌ಪೋರ್ಟ್ ನೋಡಿದ, ಕನ್ನಡಿ ತೂರಿಸಿದ, ಕಾರನ್ನು ಸುತ್ತು ಹಾಕಿದ. ಡಿಕ್ಕಿಯ ಹತ್ತಿರ ಹೋದವನು ಅಲ್ಲೇ ನಿಂತುಬಿಟ್ಟ. ಕೊನೆಗೆ ಕಿಟಕಿಯ ಹತ್ತಿರ ಬಗ್ಗಿದಾಗ ಅವನ ಮುಖದಲ್ಲಿ ಒಂದು ತರದ ನಗು ಇತ್ತು.

"ಡಿಕ್ಕಿ ಅಂಚಲ್ಲಿ ರಬ್ಬರ್ ಪಟ್ಟಿ ನೇತಾಡ್ತಾ ಇದೆ," ಎಂದ. "ನೀರು ಸೀದಾ ಒಳಗೇ ಹೋಗ್ತಿದೆ. ಏನ್ರೀ ಇದು, ಐಶೆಲೆನೂ ಸೋರುತ್ತಾ?"

ಓಯ್ಗೆನ್‌ನ ಕತ್ತು ಕೆಂಪಾಯಿತು. ಮದುವೆಮನೆಯಲ್ಲೂ ಹೀಗೇ ಆಗಿತ್ತು. ಇವನು ಈಗ ಇಳಿದು, ಐಶೆಲೆಯ ಮಾನ ಕಾಪಾಡಲು, ಡಿಕ್ಕಿ ತೆಗೆದೇ ತೋರಿಸಿಬಿಡುತ್ತಾನೆ ಎಂದುಕೊಂಡೆ.

"ಸೋರುತ್ತೆ ಸಾರ್," ಎಂದ ಓಯ್ಗೆನ್. "ಈಗೆಲ್ಲ ಹೆಸರು ಮಾತ್ರ. ನಾನೇ ಆ ಫ್ಯಾಕ್ಟರೀಲಿ ಕೆಲಸ ಮಾಡೋನು, ನನಗೆ ಗೊತ್ತಿಲ್ವಾ? ಡಬ್ಬಾ ಗಾಡಿ."

ಕಾವಲಿನವನಿಗೆ ಹಬ್ಬವಾಯಿತು. ಇನ್ನೊಬ್ಬನನ್ನು ಕೂಗಿ ಕರೆದ, ಆ ಮಾತನ್ನು ಅವನ ಮುಂದೆ ಇನ್ನೊಮ್ಮೆ ಹೇಳಿ ಎಂದ. ಓಯ್ಗೆನ್ ಇನ್ನೂ ಜೋರಾಗಿ ಹೇಳಿದ. ಇಬ್ಬರೂ ಮಳೆಯಲ್ಲಿ ನಿಂತು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮೊದಲನೆಯವನ ಕಣ್ಣು ನನ್ನ ಮೇಲೆ ಬಿತ್ತು.

"ಅಮ್ಮಾವ್ರು ಯಾಕೆ ಹಿಂಗೆ ಬಿಳುಚಿಕೊಂಡಿದ್ದಾರೆ?"

"ಇಷ್ಟು ದುಡ್ಡು ಸುರಿದು ಇದನ್ನ ತಗೊಂಡ್ನಲ್ಲ, ಅದಕ್ಕೆ. ಬೆಳಿಗ್ಗೆಯಿಂದ ನನ್ನ ಜೊತೆ ಮಾತಿಲ್ಲ."

"ತೆಗೀರಿ ನೋಡೋಣ, ಎಷ್ಟು ನೀರು ತುಂಬಿದೆ ಅಂತ."

ಓಯ್ಗೆನ್ ಬೀಗದ ಕೈಯನ್ನು ಕಿತ್ತು ಕಿಟಕಿಯಿಂದ ಹೊರಗೆ ಚಾಚಿದ.

"ತಗೊಳ್ಳಿ ಸಾರ್. ಆದ್ರೆ ಮುಚ್ಚೋಕೆ ನೀವೂ ಕೈ ಹಾಕ್ಬೇಕು. ಬೆಳಿಗ್ಗೆ ಮೂರು ಜನ ಒದ್ದಾಡಿ ಮುಚ್ಚಿದ್ದು."

ಅವನು ಬೀಗದ ಕೈಯನ್ನು ನೋಡಿದ, ಆಕಾಶವನ್ನು ನೋಡಿದ. ಹಿಂದಿನ ಸಾಲಿನಲ್ಲಿ ಯಾರೋ ಹಾರ್ನ್ ಒತ್ತಿದರು. ಆ ಕಡೆ ಸೂರಿನಡಿ ನಿಂತಿದ್ದ ಅಧಿಕಾರಿ, ಅದೇನು ಹರಟೆ, ಸಾಲು ಬಿಡಿ ಎಂದು ಗದರಿದ. ಕಾವಲಿನವನು ಪಾಸ್‌ಪೋರ್ಟನ್ನು ನನ್ನ ಮಡಿಲಿಗೆ ಎಸೆದ.

"ಹೋಗಿ, ಹೋಗಿ. ಮನೆ ಮುಟ್ಟೋ ಮುಂಚೆ ಚಕ್ರ ಕಳಚಿಕೊಂಡಾವು."

ಗಡಿ ದಾಟಿದ ಮೇಲೂ ಓಯ್ಗೆನ್ ನಿಲ್ಲಿಸಲಿಲ್ಲ, ಗೋಪುರಗಳು ಮರೆಯಾಗಲಿ ಎಂದ. ನಾನು ಅಳುತ್ತಾ ಅವನ ತೋಳಿಗೆ ಗುದ್ದುತ್ತಿದ್ದೆ. ಕೊನೆಗೆ ರಸ್ತೆಬದಿಗೆ ಹಾಕಿದ. ಇಳಿದು ಹಿಂದಕ್ಕೆ ಓಡಿದ. ಡಿಕ್ಕಿಯ ಬಾಗಿಲು ಸಲೀಸಾಗಿ ಎದ್ದಿತು.

ಸಿಲ್ಕೆ ನೀರಿನಲ್ಲಿ ಮಲಗಿದ್ದಳು. ಕೂದಲು, ಕೋಟು, ಬೂಟು ಎಲ್ಲ ತೊಯ್ದು ಹಲ್ಲು ಕಟಕಟ ಎನ್ನುತ್ತಿತ್ತು. ಮುಖ ಮಾತ್ರ ಒಂದು ಮೂಲೆಗೆ ಒತ್ತಿಕೊಂಡಿತ್ತು. ಅಲ್ಲಿ ಅಂಗೈಯಗಲ ರಬ್ಬರ್ ಪಟ್ಟಿಯೇ ಇರಲಿಲ್ಲ. ಕತ್ತರಿಸಿದ್ದ ಅಂಚು ನೇರವಾಗಿ, ನಯವಾಗಿ ಇತ್ತು. ಅಷ್ಟು ಅಚ್ಚುಕಟ್ಟಾಗಿ ಕತ್ತರಿಸುವ ಕೈ ನನಗೆ ಗೊತ್ತಿರುವಂತೆ ಒಂದೇ. ನೇತಾಡುತ್ತಿದ್ದದ್ದು ಅದರ ಉಳಿದ ತುದಿ.

ಬೆಳಿಗ್ಗೆ ಗ್ಯಾರೇಜಿನಲ್ಲಿ ಪಾಲಿಶ್ ಹೊಡೆಯುತ್ತಿರಲಿಲ್ಲ ಇವನು. ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನಿನ್ನ ಮುಖ ಅಲ್ಲಿ ಹಾಗೆ ಇರುತ್ತಿತ್ತೇ, ಅವರು ನನ್ನ ಮಾತು ನಂಬುತ್ತಿದ್ದರೇ ಎಂದ. ಆಮೇಲೆ ತಲೆ ತಗ್ಗಿಸಿ, ಹೇಳಲು ನಾಚಿಕೆಯೂ ಆಯಿತು ಎಂದ.

ಸಿಲ್ಕೆ ಎದ್ದು ಕೂತು, ಅವನ ಕೋಟಿನ ಕಾಲರ್ ಹಿಡಿದುಕೊಂಡಳು.

"ಚಿಕ್ಕಪ್ಪ, ನಿಮ್ಮ ಕಾರು ಸೋರುತ್ತೆ."

ಅವನು ಮುಖ ತಿರುಗಿಸಿಕೊಂಡ. ಮಳೆಯಿತ್ತು, ಹಾಗಾಗಿ ಅತ್ತನೋ ಇಲ್ಲವೋ ನಾನು ಹೇಳಲಾರೆ.

ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಹೀಟರ್ ಹಾಕಿದೆವು. ತೊಗಲಿನ ಸೀಟಿನ ಮೇಲೆ ನೀರು ಹರಿಯಿತು, ಬೂಟಿನ ಕೆಸರು ಕೆಳಗಿನ ಬಿಳಿ ಕಾರ್ಪೆಟ್ಟಿಗೆ ಮೆತ್ತಿತು. ನಾನು ಹಿಂದೆ ಕೂತು ಬುಟ್ಟಿಯಿಂದ ಹಂದಿಮಾಂಸದ ರೊಟ್ಟಿ ತೆಗೆದುಕೊಟ್ಟೆ. ಎರಡು ದಿನದಿಂದ ಏನೂ ತಿನ್ನದವಳು, ಗಬಗಬ ತಿಂದಳು, ಚೂರುಗಳು ಎಲ್ಲ ಕಡೆ ಉದುರಿದವು. ಓಯ್ಗೆನ್ ಬಾಗಿಲ ಬಳಿ ನಿಂತು ಅದನ್ನೇ ನೋಡುತ್ತಿದ್ದ. ಈಗ ಶುರುವಾಯಿತು ಎಂದುಕೊಂಡೆ.

ಅವನು ಬೂಟು ಒರೆಸದೆ ಹತ್ತಿ ಕೂತ. ಹಿಂದಕ್ಕೆ ಕೈ ಚಾಚಿದ. ನಾನು ಅವನಿಗೂ ಒಂದು ರೊಟ್ಟಿ ಕೊಟ್ಟೆ. ಮೂವರೂ ಐಶೆಲೆಯೊಳಗೆ ಕೂತು ತಿಂದೆವು, ಯಾರೂ ಯಾರನ್ನೂ ಬೈಯಲಿಲ್ಲ.